ತಿನ್ನದೆ ಹೇಳಿದ ರುಚಿ

ನನ್ನ ಬಾಯಲ್ಲಿ ನನ್ನದು ಎನ್ನುವ ಹಲ್ಲು ಒಂದೂ ಉಳಿದಿಲ್ಲ. ಈ ಒಂದು ವಾಕ್ಯ ಬರೆಯುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು. ಬರೆದಾಯಿತು, ಇನ್ನು ಮುಂದಿನದನ್ನೂ ಬರೆದುಬಿಡುತ್ತೇನೆ. ಮುಂದಿನದು ಹಲ್ಲು ಹೋದದ್ದಕ್ಕಿಂತ ಕೆಟ್ಟದ್ದು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಮೂವತ್ತನಾಲ್ಕು ವರ್ಷ ನರಸೀಪುರದ ಒಂದು ರೈಸ್ ಮಿಲ್ಲಿನಲ್ಲಿ ದುಡಿದೆ. ಮನೆ ನಂಜನಗೂಡಿನಲ್ಲಿ, ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮಿಲ್ಲಿನ ಬಾಗಿಲಲ್ಲಿ ನಿಂತು ಬಂದ ಭತ್ತ ಒಣಗಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಹೆಮ್ಮಿಗೆಯಿಂದ, ಮೂಗೂರಿನಿಂದ, ಸೋಮನಾಥಪುರದ ಕಡೆಯಿಂದ ಗಾಡಿಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು. ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ನಾಲ್ಕು ಕಾಳು ತೆಗೆದು, ಒಂದನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಚ್ಚುತ್ತಿದ್ದೆ. ‘ಕಟ್’ ಎಂದು ಮುರಿದರೆ ಒಣಗಿದೆ. ಸದ್ದಿಲ್ಲದೆ ಮುರಿದರೆ ಇನ್ನೂ ತೇವ ಇದೆ, ಎರಡು ಬಿಸಿಲು ತೋರಿಸಿ ತರಬೇಕು. ತೇವ ಅಳೆಯುವ ಮಿಷನ್ನು ಬಂದ ಮೇಲೂ ಮಾಲೀಕರು ಮೊದಲು ನನ್ನ ಹಲ್ಲನ್ನು ಕೇಳಿ, ಆಮೇಲೆ ಮಿಷನ್ನನ್ನು ಕೇಳುತ್ತಿದ್ದರು. ಹೀಗಾಗಿ ನನಗೆ ನನ್ನ ಹಲ್ಲಿನ ಮೇಲೆ ಎಲ್ಲರಿಗೂ ಇರುವುದಕ್ಕಿಂತ ಹೆಚ್ಚು ಜಂಬ ಇತ್ತು. "ಬೇವಿನ ಕಡ್ಡಿ ಬಿಟ್ಟು ಬೇರೇದು ಮುಟ್ಟಿಲ್ಲ" ಎಂದು ಕೇಳದವರಿಗೂ ಹೇಳುತ್ತಿದ್ದೆ.

ಕೆಲಸ ಬಿಟ್ಟ ಕೆಲವು ವರ್ಷಕ್ಕೆ ಅವು ಒಂದೊಂದಾಗಿ ಅಲುಗಾಡಿದವು. ಮೈಸೂರಿನಲ್ಲಿ ತಂಗಿಯ ಮನೆಯಲ್ಲಿ ಹದಿನೈದು ದಿನ ಇದ್ದು, ಉಳಿದವನ್ನೂ ಕೀಳಿಸಿ, ಹಲ್ಲಿನ ಸೆಟ್ಟು ಹಾಕಿಸಿಕೊಂಡು ಬಂದೆ. ಹೆಂಡತಿಗೆ ಮಾತ್ರ ಗೊತ್ತು. ಸ್ನೇಹಿತರಿಗೆ ತಂಗಿಗೆ ಮೈ ಹುಷಾರಿರಲಿಲ್ಲ ಎಂದೆ.

ಸ್ನೇಹಿತರು ಮೂವರು. ಒಬ್ಬ, ನಾನು ದಿನಾ ಹೋಗಿ ಬರುತ್ತಿದ್ದ ಬಸ್ಸಿನ ಕಂಡಕ್ಟರ್, ಈಗ ರಿಟೈರಾಗಿದ್ದಾನೆ. ಟಿಕೇಟು ಹರಿಯುತ್ತಾ ಹರಿಯುತ್ತಾ ಸ್ನೇಹಿತನಾದವನು. ಒಬ್ಬ ಟೈಲರು, ಈಗಲೂ ಸಂಜೆ ಹೊತ್ತು ಮಿಷನ್ ತುಳಿಯುತ್ತಾನೆ. ಇನ್ನೊಬ್ಬರು ಪ್ರೈಮರಿ ಶಾಲೆಯ ಮೇಷ್ಟ್ರು, ರಿಟೈರಾದ ಮೇಲೂ ನಾವು ಮೂವರು ಅವರ ಹುಡುಗರೇ ಎಂಬಂತೆ ಮಾತಾಡುವವರು. ನಾಲ್ವರಲ್ಲಿ ನಾನೇ ಹಿರಿಯ. ಬೆಳಿಗ್ಗೆ ಕಪಿಲೆಯ ದಡದಲ್ಲಿ ಒಂದು ಸುತ್ತು ನಡೆದು, ಎಲ್ಲಾದರೂ ಕೂತು ತಿಂಡಿ ತಿನ್ನುವುದು ನಮ್ಮ ಅಭ್ಯಾಸ. ತಿಂಗಳಿಗೊಂದು ಸಲ ಬಸ್ಸು ಹತ್ತಿ ಬೇರೆ ಊರಿನ ತಿಂಡಿಗೆ ಹೋಗುವುದೂ ಉಂಟು.

ಮೊದಮೊದಲು ತಿಂಡಿಗಿಂತ ಜಗಳವೇ ಹೆಚ್ಚಾಗುತ್ತಿತ್ತು. ಒಬ್ಬನಿಗೆ ಚಟ್ನಿ ಖಾರ, ಒಬ್ಬನಿಗೆ ಸಪ್ಪೆ. ಒಂದು ದಿನ ಇಡ್ಲಿ ಮೆತ್ತಗಿದೆಯೋ ಹಿಟ್ಟಾಗಿದೆಯೋ ಎಂದು ಟೈಲರಿಗೂ ಮೇಷ್ಟ್ರಿಗೂ ಮಾತಿಗೆ ಮಾತು ಬೆಳೆದು, ಒಂದು ವಾರ ಇಬ್ಬರೂ ಬೇರೆ ಬೇರೆ ದಡದಲ್ಲಿ ನಡೆದರು. ಆಗ ಕಂಡಕ್ಟರ್ ಒಂದು ಕಾನೂನು ಮಾಡಿದ.

"ನೋಡ್ರಪ್ಪ, ಭತ್ತ ಕಚ್ಚಿ ಹೇಳಿದ ಬಾಯಿ ಅಣ್ಣಂದು. ಮೊದಲ ತುತ್ತು ಅಣ್ಣ ತಿನ್ಲಿ. ರೈಟ್ ಅಂದ್ರೆ ರೈಟ್, ಹೋಲ್ಡಾನ್ ಅಂದ್ರೆ ಹೋಲ್ಡಾನ್. ಆಮ್ಯಾಕೆ ಯಾರೂ ಕಮಕ್ ಕಿಮಕ್ ಅನ್ಬಾರ್ದು."

ಬಸ್ಸು ಬಿಡಿಸುವಾಗ, ನಿಲ್ಲಿಸುವಾಗ ಅವನು ಕೂಗುತ್ತಿದ್ದ ಮಾತುಗಳವು. ಅವತ್ತಿನಿಂದ ಅದೇ ನಮ್ಮ ಕಾನೂನಾಯಿತು. ನಾನು ‘ರೈಟ್’ ಎಂದ ಹೋಟೆಲಿಗೆ ಮತ್ತೆ ಹೋಗುವುದು, ‘ಹೋಲ್ಡಾನ್’ ಎಂದ ಕಡೆ ಮತ್ತೆ ಕಾಲಿಡದಿರುವುದು. ಮೇಷ್ಟ್ರು ಅದನ್ನು ರಿಟೈರಾದವರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಜಗಳ ನಿಂತೇಹೋಯಿತು. ನನಗೂ ಮಿಲ್ಲಿನ ಬಾಗಿಲು ಮತ್ತೆ ಸಿಕ್ಕಂತಾಯಿತು. ಸೆಟ್ಟು ಹಾಕಿದ ಮೇಲೂ ಇಡ್ಲಿ, ದೋಸೆಗೆ ತೊಂದರೆ ಇರಲಿಲ್ಲವಾಗಿ ನನ್ನ ಅಧಿಕಾರಕ್ಕೆ ಕುಂದು ಬರಲಿಲ್ಲ.

ಕಂಡಕ್ಟರನ ಮಗಳನ್ನು ನರಸೀಪುರಕ್ಕೆ ಕೊಟ್ಟಿದೆ. ಅವಳೂ ಗಂಡನೂ ಸಂಗಮಕ್ಕೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಬೇಕರಿ ಇಟ್ಟಿದ್ದಾರೆ. ಗಂಡ ಬೆಳಿಗ್ಗೆ ಐದಕ್ಕೇ ಹಳ್ಳಿ ಅಂಗಡಿಗಳಿಗೆ ಬನ್ನು, ಬ್ರೆಡ್ಡು ಹಾಕಲು ಹೋಗುತ್ತಾನೆ. ಅಂಗಡಿ ಅವಳದು. ಆದರೆ ಬೆಳಿಗ್ಗೆ ಹತ್ತರವರೆಗೆ ನೊಣವೂ ಬರುವುದಿಲ್ಲ. ಆ ಹೊತ್ತಿಗೆ ಜನಕ್ಕೆ ಬೇಕಾದ್ದು ಇಡ್ಲಿ, ಪೂರಿ. ಬೆಳಿಗ್ಗೆ ತಿಂಡಿಗೇ ಎಂದು ಬೇರೆಲ್ಲೂ ಸಿಗದ ಒಂದು ಪದಾರ್ಥ ಮಾಡಬೇಕೆಂದು ಅವಳು ಎರಡು ತಿಂಗಳು ಒಲೆ ಮುಂದೆ ಒದ್ದಾಡಿ, ಕೊನೆಗೆ ಅಪ್ಪನಿಗೆ ಫೋನು ಮಾಡಿದಳು: "ಒಂದು ತರಾ ಪಫ್ಸ್ ಮಾಡಿವ್ನಿ ಕಣಪ್ಪ. ನಿಮ್ಮ ಸೆಟ್ಟೆಲ್ಲಾ ಬನ್ನಿ. ದೊಡ್ಡಪ್ಪ ರೈಟ್ ಅಂದ್ರೆ ಸೋಮವಾರದಿಂದ ಬೋರ್ಡ್ ಹಾಕ್ತೀನಿ."

ದೊಡ್ಡಪ್ಪ ಎಂದರೆ ನಾನು.

ನಾವು ಹೋದೆವು. ಅಂಗಡಿಯ ಮುಂದೆ ಎರಡು ಬೆಂಚು ಜೋಡಿಸಿ, ನಾಲ್ಕು ತಟ್ಟೆ ತಂದಿಟ್ಟಳು. ಅಂಗೈಯಗಲದ ಚೌಕನೆಯ ಪಫ್ಸು. ನಾವು ಬಲ್ಲ ಮೊಟ್ಟೆ ಪಫ್ಸು, ಆಲೂಗಡ್ಡೆ ಪಫ್ಸಿನ ಹಾಗೆ ಬಿಸ್ಕತ್ತಿನ ಬಣ್ಣದ್ದಲ್ಲ. ಮೇಲೆ ಬೆಲ್ಲದ ಪಾಕ ಹಾಕಿ ಸುಟ್ಟಿದ್ದರಿಂದ ಗಾಜಿನ ಹಾಗೆ ಮಿನುಗುತ್ತಿತ್ತು. ಆ ಗಾಜಿನ ಮೇಲೆ ಕುಟ್ಟಿದ ಕಲ್ಲುಪ್ಪು, ಒಂದಿಷ್ಟು ಮೆಣಸಿನ ತರಿ, ಎಳ್ಳು. ಒಳಗೆ ನಂಜನಗೂಡಿನ ರಸಬಾಳೆಯನ್ನು ತುಪ್ಪದಲ್ಲಿ ಬಾಡಿಸಿ ತುಂಬಿದ್ದಳು. ಹಣ್ಣು ಅಪ್ಪ ಹೊತ್ತುಕೊಟ್ಟದ್ದು. ಸಿಹಿ ಪದಾರ್ಥದ ಮೇಲೆ ಉಪ್ಪು ಚೆಲ್ಲಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಏನವ್ವ, ಕೈ ತಪ್ಪಿ ಉಪ್ಪು ಬಿತ್ತಾ?" ಎಂದ ಟೈಲರು.

"ಕೈ ತಪ್ಪಿಲ್ಲ ಮಾಮ. ಬೇಕೂಂತ್ಲೇ ಹಾಕಿರದು. ಮೊದ್ಲು ದೊಡ್ಡಪ್ಪ ತಿನ್ಲಿ."

ನಾನು ಉಪ್ಪನ್ನು ನೋಡುತ್ತಿರಲಿಲ್ಲ. ಪಾಕವನ್ನು ನೋಡುತ್ತಿದ್ದೆ. ಹಿಂದಿನ ವರ್ಷ ಒಂದು ಮದುವೆ ಮನೆಯಲ್ಲಿ ಕೊಬ್ಬರಿ ಮಿಠಾಯಿ ಕಚ್ಚಿದ್ದೆ. ಮೇಲಿನ ಸೆಟ್ಟು ಮಿಠಾಯಿಗೆ ಅಂಟಿಕೊಂಡು ಬಾಯಿಂದ ಈಚೆಗೆ ಬಂದಿತ್ತು. ಮಿಠಾಯಿ ಸಮೇತ ಕೈಗೆ ತೆಗೆದುಕೊಂಡು, ವಾಂತಿ ಬಂದವನಂತೆ ಕೈ ತೊಳೆಯುವ ಜಾಗಕ್ಕೆ ಓಡಿದ್ದೆ. ಆ ದಿನ ಪಕ್ಕದಲ್ಲಿ ಗುರುತಿನವರಿರಲಿಲ್ಲ. ಇಲ್ಲಿ ಮೂರು ಜೋಡಿ ಕಣ್ಣು, ಜೊತೆಗೆ ಅವಳದು, ನನ್ನ ಬಾಯಿಯನ್ನೇ ನೋಡುತ್ತಿದ್ದವು.

ಒಂದು ಮೂಲೆ ಮುರಿದೆ. ಚೂರು ಬಾಯಿಯ ಹತ್ತಿರ ಹೋಯಿತು. ಅಷ್ಟರಲ್ಲಿ ಕೆಮ್ಮು ಬಂದವನಂತೆ ಟವೆಲ್ಲನ್ನು ಮುಖಕ್ಕೆ ಒತ್ತಿ, ಚೂರನ್ನು ಅದರೊಳಗೆ ಬಿಟ್ಟು, ಖಾಲಿ ಬಾಯಿಯನ್ನು ಹತ್ತು ಸಲ ಆಡಿಸಿದೆ. ಮೂವತ್ತನಾಲ್ಕು ವರ್ಷ ಕಾಳು ಕಚ್ಚಿದವನಿಗೆ ಏನೂ ಇಲ್ಲದ ಬಾಯನ್ನು ಜಗಿಯುವುದು ಕಷ್ಟವಾಗಲಿಲ್ಲ. ಕಣ್ಣು ಮುಚ್ಚಿದ್ದೆ ಬೇರೆ.

"ಎಂಗದೆ ದೊಡ್ಡಪ್ಪ?" ಎಂದಳು.

‘ರೈಟ್’ ಎಂದುಬಿಡಬಹುದಿತ್ತು. ಆಮೇಲೆ ಎಷ್ಟೋ ಸಲ ಇದನ್ನು ಯೋಚಿಸಿದ್ದೇನೆ. ಆದರೆ ರೈಟ್ ಎಂದರೆ ತಟ್ಟೆ ಖಾಲಿ ಮಾಡಬೇಕು, ಇನ್ನೊಂದು ತಂದಿಡುತ್ತಾಳೆ, ಪ್ರತಿ ತಿಂಗಳೂ ಇಲ್ಲಿಗೇ ಬರುತ್ತೇವೆ, ಒಂದಲ್ಲ ಒಂದು ದಿನ ಸೆಟ್ಟು ಈಚೆಗೆ ಬಂದೇ ಬರುತ್ತದೆ. ಹೋಲ್ಡಾನ್ ಎಂದರೆ ತಟ್ಟೆಯನ್ನು ಹಾಗೇ ಬಿಟ್ಟು ಏಳಬಹುದು. ಇಷ್ಟು ಲೆಕ್ಕಾಚಾರ ನನ್ನ ತಲೆಯಲ್ಲಿ ಎರಡು ಸಲ ಜಗಿಯುವಷ್ಟರಲ್ಲಿ ಮುಗಿಯಿತು.

"ಹೋಲ್ಡಾನ್" ಎಂದೆ.

ಅವಳ ಮುಖ ಸಣ್ಣಗಾಯಿತು. "ಏನ್ ಎಚ್ಚಾಯ್ತು? ಉಪ್ಪಾ? ಬೆಲ್ಲಾನಾ?"

"ಎರಡೂ ಒಳಗೆ ಹೋಗಿ ಜಗಳ ಆಡ್ತಾವೆ ಕಣವ್ವ. ಬೆಳಿಗ್ಗೆ ಹೊತ್ತು ಹೊಟ್ಟೇಲಿ ಪಂಚಾಯ್ತಿ ಬೇಡ."

ಮೇಷ್ಟ್ರು "ಆಹಾ" ಎಂದರು, ಮಾತು ಅಷ್ಟು ಚೆನ್ನಾಗಿ ಬಂದಿತ್ತು. ಅಂದು ಸಂಜೆಯೇ ಅದನ್ನು ವಾಟ್ಸಾಪಿಗೆ ಹಾಕಿದರು. ಮೂವರೂ ತಮ್ಮ ತಮ್ಮ ಪಫ್ಸು ತಿಂದರು, ಕಾನೂನಿನ ಪ್ರಕಾರ ಒಬ್ಬರೂ ತುಟಿ ಬಿಚ್ಚಲಿಲ್ಲ. ಟೈಲರು ತಟ್ಟೆಗೆ ಬಿದ್ದ ಎಳ್ಳನ್ನು ಬೆರಳಿಗೆ ಅಂಟಿಸಿಕೊಂಡು ನೆಕ್ಕಿದ್ದನ್ನು ಮಾತ್ರ ನಾನು ನೋಡಿದೆ. ನನ್ನ ತಟ್ಟೆಯದನ್ನು ಅವಳೇ ಕಾಗದದಲ್ಲಿ ಸುತ್ತಿ, "ದೊಡ್ಡವ್ವನಿಗೆ ಕೊಡಿ" ಎಂದು ಕೈಗಿಟ್ಟಳು.

ಮನೆಯಲ್ಲಿ ಹೆಂಡತಿ ಅರ್ಧ ತಿಂದು, ಉಳಿದರ್ಧವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದ್ಯಾರು ಮಾಡಿದ್ದು?" ಎಂದಳು. ಹೇಳಿದೆ. "ನನ್ನ ಕಾಲ್ದಲ್ಲೇ ಇಂಥಾದ್ದು ತಿಂದಿಲ್ಲ ಕಣಂದ್ರೆ" ಎಂದಳು. ನಾನು ಸೆಟ್ಟು ತೆಗೆದಿಟ್ಟು, ಅವಳ ಕೈಯಿಂದ ಒಂದು ಚೂರು ಇಸಿದುಕೊಂಡು, ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟೆ. ಮೊದಲು ಉಪ್ಪು. ಅದು ಕರಗುವ ಹೊತ್ತಿಗೆ ಸುಟ್ಟ ಬೆಲ್ಲ, ಸ್ವಲ್ಪ ಕಹಿ ಬೆರೆತ ಸಿಹಿ. ಕೊನೆಗೆ ರಸಬಾಳೆಯ ಘಮ, ಅದರ ಬಾಲದಲ್ಲಿ ಒಂದು ಮೆಣಸಿನ ತರಿ. ಒಳಗೆ ಯಾವ ಜಗಳವೂ ಇರಲಿಲ್ಲ.

"ನೀವೇನಂದ್ರಿ ಅವಳಿಗೆ?" ಎಂದಳು ಹೆಂಡತಿ.

ಹೇಳಿದೆ.

"ತಿನ್ನದೇನಾ?"

"ಹೂಂ."

"ಥೂ" ಎಂದಳು. ಅಷ್ಟೇ. ನಲವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ಅಂದದ್ದು ಅದೇ ಮೊದಲು.

ಎರಡು ವಾರ ಕಳೆದ ಮೇಲೆ ನದಿ ದಡದಲ್ಲಿ ನಡೆಯುವಾಗ ಕಂಡಕ್ಟರ್ ಹೇಳಿದ: "ಮಗಳು ಬೆಳಿಗ್ಗೆ ಹೊತ್ತು ಅಂಗಡಿ ತೆಗೆಯೋದೇ ನಿಲ್ಲಿಸ್ಬುಟ್ಳು ಕಣಣ್ಣ. ಆ ಪಫ್ಸ್ ಬಿಟ್ಟೇ ಬುಟ್ಳು. ಇನ್ನೊಂದ್ ಸಲ ಬೇರೆಯೋರಿಗೆ ಕೊಟ್ಟು ನೋಡವ್ವ ಅಂದೆ. ಭತ್ತ ಕಚ್ಚಿ ಹೇಳ್ದೋರು ಕಚ್ಚಿ ಬೇಡ ಅಂದ್ಮೇಲೆ ಇನ್ಯಾರು ಹೇಳೋದು ಅಂತಾಳೆ."

ಕಚ್ಚಿ ಎಂಬ ಮಾತು ನನ್ನನ್ನು ಕಚ್ಚಿತು. ಮರುದಿನ ಯಾರಿಗೂ ಹೇಳದೆ ನಾನೊಬ್ಬನೇ ನರಸೀಪುರದ ಬಸ್ಸು ಹತ್ತಿದೆ. ನನ್ನ ಯೋಜನೆ ಇದು: ಹೆಂಡತಿಗೆ ಬೇಕಂತೆ ಎಂದು ಹೇಳಿ ಆರು ಪಫ್ಸು ಕೇಳುವುದು, ಹೀಗೇ ವಾರವಾರವೂ ಕೇಳುತ್ತಾ ಹೋದರೆ ಅವಳೇ ಮತ್ತೆ ಶುರು ಮಾಡುತ್ತಾಳೆ, ನಾನು ಬಾಯಿ ಬಿಡಬೇಕಾಗಿಲ್ಲ. ಬಸ್ಸಿನಲ್ಲಿ ಕೂತಾಗ ಬಹಳ ಜಾಣತನದ ಯೋಜನೆ ಅನ್ನಿಸಿತ್ತು.

"ಅದ ಮಾಡ್ತಿಲ್ಲ ದೊಡ್ಡಪ್ಪ. ಖಾರ ಬನ್ ಅದೆ, ಕೊಡ್ಲಾ?" ಎಂದಳು.

ಗಾಜಿನ ಪೆಟ್ಟಿಗೆಯ ಆ ಕಡೆ ಅವಳು, ಈ ಕಡೆ ನಾನು. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಖಾರ ಬನ್ ಕಟ್ಟಿಸಿಕೊಂಡು ಬಂದೆ.

ಹೆಂಡತಿ ಕಟ್ಟು ಬಿಚ್ಚಿ ನೋಡಿ, "ಹೇಳ್ಳಿಲ್ಲ ಅಲ್ವಾ?" ಎಂದಳು. ಆ ಬನ್ನನ್ನು ಮುಟ್ಟಲೇ ಇಲ್ಲ.

ಮುಂದಿನ ತಿಂಗಳ ಸರದಿ ಬಂತು. ಮೂಗೂರು ದಾರಿಯಲ್ಲಿ ಒಂದು ಹೊಸ ಹೋಟೆಲಾಗಿದೆ, ಅಲ್ಲಿ ತಟ್ಟೆ ಇಡ್ಲಿ ಚೆನ್ನಂತೆ ಎಂದರು ಮೇಷ್ಟ್ರು. "ಅದು ಆಮೇಲೆ. ಮೊದಲು ಮಗಳ ಬೇಕರಿಗೆ ಹೋಗೋಣ" ಎಂದೆ.

ಕಂಡಕ್ಟರ್ ನನ್ನನ್ನು ನೋಡಿದ. "ಹೋಲ್ಡಾನ್ ಅಂದ ಜಾಗಕ್ಕೆ ಮತ್ತೆ ಹೋಗೋ ಆಗಿಲ್ಲ ಕಣಣ್ಣ. ನಂ ಕಾನೂನು."

"ಇವತ್ತು ಒಂದು ದಿನ ಕಾನೂನು ಪಕ್ಕಕ್ಕಿಡು."

ಹೋದೆವು. ಅದೇ ಬೆಂಚುಗಳು. ಅವಳು ಕಾಫಿ ತಂದಿಟ್ಟು, ನಾವು ಯಾಕೆ ಬಂದೆವೆಂದು ತಿಳಿಯದೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತಳು. ನಾನು ಎದ್ದು ನಿಂತೆ. ಭಾಷಣ ಮಾಡಿದವನಲ್ಲ ನಾನು. ಮಾತು ಬಾಯಿಗೆ ಬರದಿದ್ದಾಗ ಕೈ ಬಾಯಿಗೆ ಹೋಯಿತು. ಮೇಲಿನದನ್ನೂ ಕೆಳಗಿನದನ್ನೂ ತೆಗೆದು, ಬೆಂಚಿನ ಮೇಲೆ ಕಾಫಿ ಲೋಟದ ಪಕ್ಕದಲ್ಲಿ ಇಟ್ಟೆ.

ಟೈಲರು ಮೊದಲು ನಕ್ಕ. "ಅಯ್ಯೋ ಬುಡಣ್ಣ, ಇದ್ ಗೊತ್ತಿರ್ಲಿಲ್ವಾ ನಮ್ಗೆ? ಮೈಸೂರಿಂದ ಬಂದ ದಿನದಿಂದ ನೀನು ಸಾರು ಅಂದ್ರೆ ಸೀಟಿ ಒಡೀತಿತ್ತು!"

"ನಾನು ಒಂದನೇ ಕ್ಲಾಸಿನವರ ಬಾಯಿ ನೋಡಿ ಮೂವತ್ತು ವರ್ಷ ಕಳೆದವನು" ಎಂದರು ಮೇಷ್ಟ್ರು. "ಹಲ್ಲು ಬಿದ್ದದ್ದೂ ತಿಳಿಯುತ್ತೆ, ಬಂದದ್ದೂ ತಿಳಿಯುತ್ತೆ. ನೀವೇ ಹೇಳಲಿ ಅಂತ ಸುಮ್ಮನಿದ್ವಿ."

ಅವರ ಜೊತೆ ನಾನೂ ನಗಬಹುದಿತ್ತು. ಅಲ್ಲಿಗೇ ಮುಗಿಸಿ, ತಪ್ಪೊಪ್ಪಿಕೊಂಡೆ ಎಂದು ಮನೆಗೆ ಹೋಗಬಹುದಿತ್ತು. ನಿಜ ಹೇಳುತ್ತೇನೆ, ಒಂದು ಗಳಿಗೆ ಆ ಆಸೆಯೂ ಆಯಿತು. ಆದರೆ ಅವಳು ನಗುತ್ತಿರಲಿಲ್ಲ. ಹಲ್ಲನ್ನು ನೋಡಿ, ನನ್ನನ್ನು ನೋಡಿ, "ಅವತ್ತು?" ಎಂದಳು.

"ಅವತ್ತು ನಾನು ತಿನ್ನಲೇ ಇಲ್ಲ ಕಣವ್ವ" ಎಂದೆ. ಹಲ್ಲಿಲ್ಲದ ಬಾಯಲ್ಲಿ ಮಾತು ಮೆತ್ತಗೆ ಬಂತು. "ಪಾಕಕ್ಕೆ ಸೆಟ್ಟು ಅಂಟಿಕೊಳ್ಳುತ್ತೆ ಅಂತ ಹೆದರಿ ಚೂರನ್ನ ಟವೆಲ್ಲಿಗೆ ಹಾಕ್ದೆ. ತಿಂದಂಗೆ ಆಡ್ದೆ. ಜಗಳ ಅಂದದ್ದೆಲ್ಲಾ ಬಾಯಿಗೆ ಬಂದದ್ದು. ಮನೆಗೋಗಿ ತಿಂದೆ. ಭಾಳ ಚೆನ್ನಾಗಿತ್ತು."

ಟೈಲರ ನಗು ನಿಂತಿತು. ಕಂಡಕ್ಟರ್ ಲೋಟ ಕೆಳಗಿಟ್ಟ.

"ಅಲ್ಲು ಓಗ್ಲಿ ಕಣಣ್ಣ" ಎಂದ. "ಅಲ್ಲು ಎಲ್ಲಾರ್ದೂ ಓಯ್ತದೆ. ತಿನ್ನದೆ ಯೋಳ್ಬುಟ್ಟಲ್ಲ."

ಎದ್ದು ಹೋಗಿ ರಸ್ತೆಯ ಆ ಕಡೆ ನಿಂತುಕೊಂಡ.

ಅವಳು ಮಾತಾಡಿದಳು. ಜೋರಾಗಿ ಅಲ್ಲ. "ಉಪ್ಪು ಬುಟ್ಟು ಮಾಡ್ದೆ ದೊಡ್ಡಪ್ಪ, ಜಗಳ ನಿಲ್ಲಲಿ ಅಂತ. ಸಪ್ಪೆ ಆಯ್ತು. ಬೆಲ್ಲ ಬುಟ್ಟು ಮಾಡ್ದೆ. ಮೆಣಸು ಬುಟ್ಟು ಮಾಡ್ದೆ. ಐದು ಸಲ ಮಾಡಿ ಐದು ಸಲಾನೂ ಎಸ್ದೆ. ನನ್ನ ನಾಲ್ಗೇನೇ ಸರಿ ಇಲ್ವೇನೋ ಅನ್ಕೊಂಡೆ. ಈಗ ಸಾರಿಗೆ ಉಪ್ಪು ಹಾಕೋಕೂ ಮನೇಲಿ ಎಲ್ಲಾರ್ನೂ ಕೇಳ್ತೀನಿ."

"ತಪ್ಪಾಯ್ತು ಕಣವ್ವ" ಎಂದೆ. ಅವಳು ಬೆಂಚಿನ ಮೇಲಿನ ಲೋಟಗಳನ್ನು ಎತ್ತಿಕೊಂಡಳು.

"ಹಣ್ಣು ತಂದ್ಕೊಡಿ" ಎಂದಳು ಕೊನೆಗೆ. "ನಿಜವಾದ ರಸಬಾಳೆ. ಏಲಕ್ಕಿ ಬಾಳೆ, ಪಚ್ಚಬಾಳೆ ತಂದು ರಸಬಾಳೆ ಅನ್ಬ್ಯಾಡಿ. ಅಪ್ಪ ತಂದ ಹಣ್ಣು ಆ ಐದ್ ಸಲಕ್ಕೆ ಮುಗ್ದೋಯ್ತು. ನೀವು ತನ್ನಿ, ಇನ್ನೊಂದ್ ಸಲ ಮಾಡ್ತೀನಿ. ಎಲ್ಲಾರ ಮುಂದೆ ತಿನ್ಬೇಕು."

ಹೊರಗಿನವರು ನಂಜನಗೂಡಿನಲ್ಲಿ ರಸಬಾಳೆಗೇನು ಬರ ಎಂದುಕೊಳ್ಳಬಹುದು. ಊರಿನ ಹೆಸರು ಆ ಹಣ್ಣಿನ ಜೊತೆ ಅಂಟಿಕೊಂಡಿದೆ, ಹಣ್ಣು ಮಾತ್ರ ಊರಿಗೆ ಅಂಟಿಕೊಂಡಿಲ್ಲ. ಸೊರಗು ರೋಗ ಬಂದು ಒಂದೊಂದೇ ತೋಟ ಹಾಳಾಗಿ, ಈಗ ಅಲ್ಲೊಬ್ಬರು ಇಲ್ಲೊಬ್ಬರು ಹಠಕ್ಕೆ ಬೆಳೆಯುತ್ತಾರೆ. ಮಾರ್ಕೆಟಿನಲ್ಲಿ ಕೇಳಿದರೆ, "ಇದೇ ರಸಬಾಳೆ ಸಾ" ಎಂದು ಏನನ್ನಾದರೂ ಕೊಡುತ್ತಾರೆ. ನಾನು ನಾಲ್ಕು ದಿನ ತಿರುಗಿದೆ. ಬಸ್ಸು ಇಳಿದು ನಡೆದೆ, ಸಿಕ್ಕವರ ಬೈಕಿನ ಹಿಂದೆ ಕೂತೆ. ಐದನೇ ದಿನ ಒಂದು ಹಳ್ಳಿಯ ಆಚೆ, ಕಾಲುವೆ ಪಕ್ಕದಲ್ಲಿ ಮೂವತ್ತು ನಲವತ್ತು ಗಿಡ ಇಟ್ಟಿದ್ದ ಒಬ್ಬ ರೈತ ಸಿಕ್ಕಿದ. ನನ್ನಷ್ಟೇ ವಯಸ್ಸಾದವನು. ನನ್ನ ಮುಖವನ್ನು ದಿಟ್ಟಿಸಿ ನೋಡಿ, "ನರಸೀಪುರದ ಮಿಲ್ಲಲ್ಲಿದ್ದೋರಲ್ವಾ ನೀವು?" ಎಂದ.

"ಹೌದು."

"ನಂ ಭತ್ತ ವಾಪಸ್ ಕಳ್ಸಿದ್ರಿ. ಗಾಡಿ ತಿರುಗಿಸ್ಕೊಂಡು ಮನೆಗೋಗೋ ಒತ್ಗೆ ಮಳೆ ಬಂತು."

ನನಗೆ ನೆನಪಿರಲಿಲ್ಲ. ಹಾಗೆ ಎಷ್ಟು ಗಾಡಿ ತಿರುಗಿಸಿದ್ದೆನೋ.

"ಒಂದ್ ಮಾತು ಕೇಳ್ತೀನಿ" ಎಂದ ಅವನು. "ಅವತ್ತು ಕಚ್ಚಿ ಯೋಳಿದ್ರೋ, ಸುಮ್ಕೆ ಯೋಳಿದ್ರೋ?"

"ಮಿಲ್ಲಲ್ಲಿ ಕಚ್ಚದೆ ಒಂದು ದಿನವೂ ಹೇಳಿಲ್ಲ" ಎಂದೆ. ಅದು ನಿಜ. ಆದರೂ ಆ ನಿಜವನ್ನು ಹೇಳುವಾಗ ನನಗೆ ಅವನ ಮುಖ ನೋಡಲಾಗಲಿಲ್ಲ. ಹಣ್ಣು ಯಾತಕ್ಕೆ ಎಂದು ಕೇಳಿದ. ಯಾಕೋ ಅವನಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಟವೆಲ್ಲಿನಿಂದ ಹಿಡಿದು ರಸ್ತೆಯಾಚೆ ನಿಂತ ಕಂಡಕ್ಟರನವರೆಗೆ. ಅವನು ಮಚ್ಚು ಹಿಡಿದುಕೊಂಡೇ ಹೊಟ್ಟೆ ಹಿಡಿದು ನಕ್ಕ. ಮನೆಯೊಳಗೆ ಹಣ್ಣಾಗಲು ಇಟ್ಟಿದ್ದ ಗೊನೆಯಿಂದ ಎರಡು ಚಿಪ್ಪು ಕಿತ್ತು ಕೊಟ್ಟ.

"ಸಿಪ್ಪೆ ಮ್ಯಾಲೆ ಕಪ್ಪು ಚುಕ್ಕೆ ಬೀಳಗಂಟ ಕಾಯ್ಬೇಕು. ಆತ್ರ ಬಿದ್ದು ಕುಯ್ಸ್ಬ್ಯಾಡಿ. ಇದಕ್ಕೆ ಅಲ್ಲು ಬ್ಯಾಡ ಬುಡಿ, ಭಯ ಬೀಳ್ಬ್ಯಾಡಿ!"

ಮೂರು ದಿನ ಆ ಚಿಪ್ಪುಗಳನ್ನು ಮನೆಯ ಮೂಲೆಯಲ್ಲಿ ನೇತುಹಾಕಿ, ಬೆಳಿಗ್ಗೆ ಸಂಜೆ ಚುಕ್ಕೆ ಎಣಿಸಿದೆ. ಹೆಂಡತಿ ಈಗ ನನ್ನ ಜೊತೆ ಸರಿಯಾಗಿ ಮಾತಾಡುತ್ತಿದ್ದಳು. ಕಂಡಕ್ಟರ್ ಮಾತಾಡುತ್ತಿರಲಿಲ್ಲ. ನಡೆಯಲು ಬರುತ್ತಿದ್ದ, ಮೇಷ್ಟ್ರ ಆ ಪಕ್ಕದಲ್ಲಿ ನಡೆಯುತ್ತಿದ್ದ.

ಹಣ್ಣನ್ನು ಹಿಂದಿನ ದಿನವೇ ತಲುಪಿಸಿ, ಮರುದಿನ ಬೆಳಿಗ್ಗೆ ಎಂಟಕ್ಕೆ ನಾಲ್ವರೂ ಹೋಗಿ ಕೂತೆವು. ತಟ್ಟೆಗಳು ಬಂದವು. ನಾನು ಒಂದು ಲೋಟ ನೀರು ಕೇಳಿ, ಸೆಟ್ಟು ತೆಗೆದು ಅದರೊಳಗೆ ಹಾಕಿದೆ. ಸಂಗಮಕ್ಕೆ ಹೋಗುವ ದಾರಿಯಲ್ಲಿ ಕಾಫಿಗೆ ನಿಂತಿದ್ದ ಇಬ್ಬರು ಅಪರಿಚಿತರು ನೋಡಿದರು. ನೋಡಲಿ ಎಂದುಕೊಂಡೆ.

"ಅಣ್ಣ ಶುರು ಮಾಡ್ಲಿ" ಎಂದ ಟೈಲರು, ಅಭ್ಯಾಸ ಬಲದಿಂದ.

"ದೊಡ್ಡಪ್ಪ ಮೊದ್ಲು ತಿನ್ಲಿ. ಆದ್ರೆ ಕೊನೇಗೆ ಹೇಳ್ಲಿ" ಎಂದಳು ಅವಳು. "ಅಪ್ಪ, ಇವತ್ತು ಮೊದ್ಲು ನೀನು ಹೇಳು."

ನಾನು ಒಸಡಿನಲ್ಲೇ ಒತ್ತಿ, ನಾಲಿಗೆಯಲ್ಲಿ ಪಾಕವನ್ನು ಕರಗಿಸಿ, ಒಂದು ಮೂಲೆಯನ್ನು ಪೂರ್ತಿ ಮುಗಿಸಿದೆ. ಕಾಲು ಗಂಟೆ ಹಿಡಿಯಿತು. ಗಲ್ಲಕ್ಕೆಲ್ಲಾ ಎಳ್ಳು. ಕಂಡಕ್ಟರ್ ತನ್ನದನ್ನು ನಿಧಾನವಾಗಿ ತಿಂದು, ಕೈ ಒರೆಸಿಕೊಂಡು, ನೆಲ ನೋಡುತ್ತಾ ಹೇಳಿದ: "ನಂಗೆ ಅವತ್ತೇ ಇಷ್ಟ ಆಗಿತ್ತು ಕಣವ್ವ."

ಅವಳು ತಟ್ಟೆ ಎತ್ತಲು ಬಗ್ಗಿದ್ದವಳು ಹಾಗೇ ನಿಂತಳು. "ಮತ್ತೆ ಅವತ್ಯಾಕಪ್ಪ ಬಾಯ್ ಮುಚ್ಕೊಂಡಿದ್ದೆ?"

"ಅಣ್ಣ ಹೋಲ್ಡಾನ್ ಅಂದ್ಮ್ಯಾಕೆ..."

"ನಾನೇನು ನಿನ್ನ ಬಸ್ಸಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅವರೂ ಅವತ್ತು ಚೆನ್ನಾಗಿದೆ ಎಂದುಕೊಂಡೇ ನನ್ನ ಮಾತನ್ನು ವಾಟ್ಸಾಪಿಗೆ ಹಾಕಿದ್ದರು ಎಂದು ಆಮೇಲೆ ಹೇಳಿದರು. ಟೈಲರು ತಡೆಯಲಾರದೆ ಬಾಯಿ ಬಿಟ್ಟ: "ನನ್ನ ಕೇಳಿದ್ರೆ ಉಪ್ಪು ಒಂದ್ ಚಿಟಿಕೆ ಕಮ್ಮಿ ಆಗ್ಬೇಕು."

"ಉಪ್ಪು ಸರಿಯಾಗೇ ಇದೆ. ಮೆಣಸು ಹೆಚ್ಚು" ಎಂದರು ಮೇಷ್ಟ್ರು.

"ಮೆಣಸಿಲ್ದೆ ಓದ್ರೆ ಇದು ಸಿಹಿ ಬನ್ನಾಯ್ತದೆ ಮೇಷ್ಟ್ರೇ, ನಿಮ್ಗೇನ್ ಗೊತ್ತು?"

"ನನಗೇನು ಗೊತ್ತು ಅಂದ್ರೆ? ಇಡ್ಲಿ ಹಿಟ್ಟಾಗಿದೆ ಅಂತ ಅವತ್ತು ಹೇಳಿದ್ದೂ ನಾನೇ!"

"ಅದು ಮೆತ್ತಗಿತ್ತು!"

ಕಂಡಕ್ಟರ್ ಇಬ್ಬರ ನಡುವೆ ಕೈ ಅಡ್ಡ ಇಟ್ಟು, ಎಳ್ಳು ಕಪ್ಪು ಎಳ್ಳಾಗಿದ್ದರೆ ಚೆನ್ನಿತ್ತು ಎಂದು ತನ್ನದೂ ಒಂದು ಸೇರಿಸಿದ. ವರ್ಷಗಟ್ಟಲೆ ನನ್ನ ಒಂದು ಮಾತಿನ ಕೆಳಗೆ ಕೂತಿದ್ದ ಮೂರು ನಾಲಿಗೆಗಳು ಒಟ್ಟಿಗೆ ಎದ್ದವು. ಬೆಂಚು ಅಲುಗಾಡಿತು. ಅವಳು ನಡುವೆ ನಿಂತು, ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಾ, ನಗು ಬಂದರೂ ತೋರಿಸದೆ ಎಲ್ಲವನ್ನೂ ಕೇಳಿಸಿಕೊಂಡಳು. ಆ ಇಬ್ಬರು ಅಪರಿಚಿತರು ಇಷ್ಟು ಜಗಳ ಆಗುತ್ತಿರುವ ಪದಾರ್ಥ ಯಾವುದೆಂದು ವಿಚಾರಿಸಿ, ತಮಗೂ ಒಂದೊಂದು ಕೊಡಿ ಎಂದರು.

ಕೊನೆಗೆ ನನ್ನ ಸರದಿ. "ಹೇಳಿ ದೊಡ್ಡಪ್ಪ."

"ಏನೂ ಬದಲಾಯಿಸಬೇಡ ಕಣವ್ವ" ಎಂದೆ. "ಆದ್ರೆ ನಾನು ಹೇಳಿದೆ ಅಂತ ಬಿಡಲೂ ಬೇಡ, ಇಡಲೂ ಬೇಡ."

"ದಿನಾ ಮಾಡಲ್ಲ" ಎಂದಳು. "ಹಣ್ಣು ಸಿಕ್ಕಷ್ಟು ದಿನ, ಶನಿವಾರ ಭಾನುವಾರ ಬೆಳಿಗ್ಗೆ ಮಾತ್ರ. ಉಪ್ಪು ನಾನು ಹಾಕಿದಷ್ಟೇ." ಅಷ್ಟು ಹೇಳಿ ಒಳಗೆ ಹೋದಳು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವುದು ಸರಿಯಲ್ಲ ಅನ್ನಿಸಿತು. ಹೊರಡುವಾಗ ಒಂದು ರಟ್ಟಿನ ಡಬ್ಬ ತಂದು ನನ್ನ ಕೈಗೆ ಕೊಟ್ಟಳು.

"ದೊಡ್ಡವ್ವನಿಗೆ. ಅವರು ತಿಂದು ಅವರೇ ಫೋನ್ ಮಾಡಿ ಹೇಳ್ಲಿ. ನೀವು ಬ್ಯಾಡಿ."

"ಆಗಲಿ" ಎಂದೆ.

ಬಸ್ಸಿನಲ್ಲಿ ಮೇಷ್ಟ್ರೂ ಟೈಲರೂ ಮುಂದೆ ಕೂತು ಇಡ್ಲಿಯ ವಿಷಯವನ್ನು ಇನ್ನೂ ಮುಗಿಸಿರಲಿಲ್ಲ. ನಾನು ಹಿಂದೆ ಕಿಟಕಿ ಪಕ್ಕ ಕೂತು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡೆ. ಕಂಡಕ್ಟರ್ ಕೊನೆಗೆ ಹತ್ತಿದ, ಖಾಲಿ ಸೀಟುಗಳಿಗಾಗಿ ಆ ಕಡೆ ಈ ಕಡೆ ನೋಡಿದ. ಬೇಕಾದಷ್ಟು ಖಾಲಿ ಇದ್ದವು. ಬಂದು ನನ್ನ ಪಕ್ಕದಲ್ಲಿ ಕೂತ. ಊರು ದಾಟುವವರೆಗೆ ಇಬ್ಬರೂ ಹೊರಗೆ ನೋಡಿದೆವು. ರಸ್ತೆ ಕಿತ್ತುಹೋಗಿದ್ದ ಕಡೆ ಬಸ್ಸು ಒಮ್ಮೆ ಎತ್ತಿ ಹಾಕಿತು.

"ಡಬ್ಬ ನೆಟ್ಟಗೆ ಹಿಡ್ಕಳಣ್ಣ" ಎಂದ. "ಪದ್ರ ಮುರ್ದೋದಾತು."

ಹತ್ತು ದಿನದಿಂದ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನು ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೆ.